ಕಾವಲಿಲ್ಲದ ಸುರಂಗ

ಹೆಗ್ಗಣ ಯಜಮಾನ ಒಂದು ಸುರಂಗವನ್ನು ಕಾವಲಿಲ್ಲದೆ ಬಿಟ್ಟ. ಅದು ತಪ್ಪು.

ನೆಲದಡಿಯ ಆ ಇಲಿಗಳ ಊರಿಗೆ ಹಾವಿನ ಭಯವಿತ್ತು, ಕಾವಲುಗಾರರು ನಾಲ್ವರೇ. ಸುರಂಗಗಳು ಕೂಡುವಲ್ಲಿ ಒಬ್ಬ ನಿಂತರೆ ಅಲ್ಲಿ ಸೇರುವ ಸುರಂಗಗಳೆಲ್ಲ ಅವನಿಗೆ ಕಾಣುತ್ತವೆ. ಯಜಮಾನ ದೊಡ್ಡ ಕವಲುಗಳನ್ನು ನೋಡಿ ನಾಲ್ವರನ್ನೂ ನಿಲ್ಲಿಸಿಬಿಟ್ಟ. ಉಳಿದ ಒಂದೇ ಸುರಂಗದಲ್ಲಿ ಸುಂಡಿಲಿ ಮರಿ ಹಾಕಿದ್ದಳು. ಅವಳು ಊರ ಸಭೆಯಲ್ಲಿ ಎದ್ದು ನಿಂತಳು.

“ಯಜಮಾನರೇ, ನಾಲ್ವರೇ ಸಾಕಾಗಬಹುದು, ಜಾಗ ಬದಲಿಸಿ ನೋಡೋಣ. ಪ್ರತಿ ಸುರಂಗದ ಈ ತುದಿಗೋ ಆ ತುದಿಗೋ ಒಬ್ಬ ಬೇಕು. ಒಂದು ಏರ್ಪಾಟಿಗೆ ಐದನೆಯವನು ಬೇಕಾದ ಕೂಡಲೇ ಅದನ್ನು ಬಿಟ್ಟು ಇನ್ನೊಂದು ಹಿಡಿಯೋಣ.”

“ಎಷ್ಟು ಹೊತ್ತು ಬೇಕಮ್ಮ?”

“ಹೇಳಲಾರೆ. ಆದರೆ ನಾಲ್ವರು ಸಾಕೋ ಸಾಲದೋ ಎಂಬುದು ಖಚಿತವಾಗಿ ತಿಳಿಯುತ್ತದೆ.”

“ಹೆಚ್ಚುಕಡಿಮೆ ಎಲ್ಲರೂ ಕ್ಷೇಮ. ನಿನ್ನೊಬ್ಬಳಿಗಾಗಿ ಊರೆಲ್ಲ ಕೂತು ಲೆಕ್ಕ ಹಾಕಬೇಕೇನು?”

ಇಲಿಗಳು ನಕ್ಕು ಮನೆಗೆ ಹೋದವು.

ಸುಂಡಿಲಿ ಒಬ್ಬಳೇ ಕೂತು ಲೆಕ್ಕ ಹಾಕಿದಳು. ನಾಲ್ವರಿಗೂ ಸರಿಯಾದ ಜಾಗ ಸಿಕ್ಕಿತು. ಮನೆಮನೆಗೆ ಓಡಿ ಕೂಗಿ ಹೇಳಿದಳು. ಒಳಗಿದ್ದವರೆಲ್ಲ ಕ್ಷೇಮವಾಗಿದ್ದರು, ಯಾರೂ ಹೊರಗೆ ಬರಲಿಲ್ಲ. ಅವಳು ಹಿಂದಿರುಗಿದಾಗ ಗೂಡಿನಲ್ಲಿ ಮರಿಗಳಿರಲಿಲ್ಲ. ಹಾವು ಹರಿದುಹೋದ ಗುರುತು ಇತ್ತು.

ನಿಮ್ಮ ಸಭೆಯಲ್ಲಿ ಯಾರಾದರೂ ‘ಹೆಚ್ಚುಕಡಿಮೆ ಎಲ್ಲರೂ’ ಎಂದರೆ ಎದ್ದು ಮನೆಗೆ ಹೋಗಬೇಡಿ. ಹೊರಗುಳಿದವರ ಹೆಸರು ಕೇಳಿ, ಅವರ ಪಕ್ಕದಲ್ಲಿ ಕೂತು ಲೆಕ್ಕ ಮುಗಿಸಿ.