ಉಗುರಿಲ್ಲದ ಬೆರಳು

ಕಾಲಿನ ಹಾಗೆಯೇ ಐದು ಬೆರಳಿದ್ದ, ರೊಟ್ಟಿಯಷ್ಟು ತೆಳು ಅಟ್ಟೆಯ ಶೂ ಒಂದು ದಪ್ಪ ಬೂಟಿನ ಜೊತೆ ಬೆಟ್ಟ ಹತ್ತುತ್ತಿತ್ತು. ಶೂ ಮಂದಾಕಿನಿಯದು, ಬೂಟು ಅವಳ ಗಂಡ ದೇವಯ್ಯನದು.

"ಬೂಟಣ್ಣ, ನಿನಗೆ ನೆಲದ ಗಂಧವೇ ಇಲ್ಲ. ನಾನು ಒಂದು ಹರಳನ್ನೂ ಪಾದಕ್ಕೆ ತಿಳಿಯದಂತೆ ಮುಚ್ಚಿಡುವುದಿಲ್ಲ. ಜನ ನನ್ನನ್ನು ಬರಿಗಾಲು ಅಂತಲೇ ಕರೆಯುತ್ತಾರೆ," ಎಂದಿತು ಶೂ.

"ಇರಬಹುದು ತಮ್ಮಾ. ನಾನಂತೂ ಬೂಟು."

ಬೆಟ್ಟದ ತುದಿಯಲ್ಲೊಂದು ಪುಟ್ಟ ಗುಡಿ. 'ಬರಿಗಾಲಲ್ಲಿ ಒಳಗೆ ಬನ್ನಿ' ಎಂದು ಬಾಗಿಲಲ್ಲಿ ಬರೆದಿತ್ತು. ದೇವಯ್ಯ ಬೂಟು ಬಿಚ್ಚಿದ. ಮಂದಾಕಿನಿಯೂ ಬಗ್ಗಿದಾಗ ಶೂಗೆ ಗಾಬರಿಯಾಯಿತು. ಅದು ಆ ಪಾದವನ್ನು ದಾರಿಯಲ್ಲಿ ಎಂದೂ ಬಿಟ್ಟಿರಲಿಲ್ಲ.

"ಹೊಸ್ತಿಲಮ್ಮ, ನನ್ನನ್ನೇಕೆ ತಡೆಯುತ್ತೀರಿ? ಅಲ್ಲಿ ಬರೆದಿರುವುದು ನನ್ನದೇ ಹೆಸರು. ನೋಡಿ, ಐದು ಬೆರಳೂ ಇವೆ!"

"ಬೆರಳೇನೋ ಸರಿ ಮಗಾ," ಎಂದಿತು ಹೊಸ್ತಿಲು. "ಉಗುರೆಲ್ಲಿ?"

ಶೂ ಹೊರಗೇ ಉಳಿಯಿತು.

ಕೈಮುಗಿದು ಹೊರಬಂದ ಮಂದಾಕಿನಿ ಬಂಡೆಯ ಮೇಲೆ ನಾಲ್ಕು ಹೆಜ್ಜೆ ಹಾಕಿ ನೋಡಿದಳು. ವರ್ಷವಿಡೀ ಆ ಶೂ ಹಾಕಿ ನಡೆದ ಅಂಗಾಲು ಗಟ್ಟಿಯಾಗಿತ್ತು. ಕಲ್ಲು ಚುಚ್ಚಲಿಲ್ಲ.

"ರೀ, ನಾನು ಹೀಗೇ ಇಳೀತೀನಿ," ಎಂದಳು.

"ಮುಳ್ಳು ಚುಚ್ಚಿದರೆ ಹೊತ್ಕೊಂಡು ಹೋಗೋಕೆ ನನ್ನ ಕರೀಬೇಡ," ಎಂದ ದೇವಯ್ಯ.

ಅವಳು ನಕ್ಕು, ಶೂಗಳನ್ನು ಬೆನ್ನಿನ ಚೀಲಕ್ಕೆ ಕಟ್ಟಿದಳು.

ಇಳಿಜಾರಿನುದ್ದಕ್ಕೂ ಶೂ ತೂಗಾಡುತ್ತಲೇ ಬಂತು. ಕೊನೆಗೆ ತಡೆಯಲಾರದೆ ಕೇಳಿತು: "ಅಣ್ಣಾ, ನಾನು ಮಾಡಿದ ತಪ್ಪಾದರೂ ಏನು?"

"ತಪ್ಪೇನಿಲ್ಲ ತಮ್ಮಾ," ಎಂದಿತು ಬೂಟು. "ನೀನು ನಿನ್ನ ಕೆಲಸ ಪೂರ್ತಿ ಮಾಡಿಬಿಟ್ಟೆ."