ಕಳೆ ಕೀಳೋಕೆ ಬಂದ ಗೇಮೆಭೂತ

ಒಂದಾನೊಂದು ಊರು. ಯಾವ ಊರು ಅಂತ ಕೇಳಬೇಡಿ, ಆ ಊರಿನವರು ಇನ್ನೂ ಇದ್ದಾರೆ, ಜಗಳಕ್ಕೆ ಬರ್ತಾರೆ. ಆ ಊರಿಗೆ ಚೊಕ್ಕರಾಜ ಅಂತ ಒಬ್ಬ ರಾಜ ಇದ್ದನಂತೆ. ಹೆಸರಿಗೆ ತಕ್ಕ ಹಾಗೆ ಅವನಿಗೆ ಎಲ್ಲವೂ ಚೊಕ್ಕವಾಗಿರಬೇಕು. ಮೀಸೆಯ ಎಡಗಡೆ ನೂರು ಕೂದಲಿದ್ದರೆ ಬಲಗಡೆಯೂ ನೂರೇ ಇರಬೇಕು. ಒಂದು ಹೆಚ್ಚಾದರೆ ಕೀಳುವುದಕ್ಕೆ ಒಬ್ಬ ಆಳು, ಒಂದು ಕಡಿಮೆಯಾದರೆ ಬೈಸಿಕೊಳ್ಳುವುದಕ್ಕೆ ಇನ್ನೊಬ್ಬ ಆಳು.

ಈ ರಾಜನಿಗೆ ಮದುವೆಯಾಯಿತಂತೆ. ಕಡಲಾಚೆಯ ಮಾವ ಬಳುವಳಿಯಾಗಿ ನೂರು ಮೂಟೆ ಬೀಜ ಕೊಟ್ಟ, ಒಂದು ಭೂತ ಕೊಟ್ಟ. ಬೀಜದ ಹೆಸರು ದೊಡ್ಡತೆನೆ. ಭೂತದ ಹೆಸರು ಗೇಮೆಭೂತ, ಯಾಕೆಂದರೆ ಹೊಲದ ಗೇಮೆ ಬಿಟ್ಟರೆ ಅದಕ್ಕೆ ಲೋಕದಲ್ಲಿ ಇನ್ನೊಂದು ಗೊತ್ತಿಲ್ಲ. ಸಾವಿರ ಜೊತೆ ಎತ್ತು ಒಂದು ವಾರ ಉಳೋದನ್ನ ಅದು ಒಂದು ಹಗಲಲ್ಲಿ ಉಳುತ್ತೆ. ಕರಾರು ಒಂದೇ. ಹೇಳಿದ ಕೆಲಸ ಮುಗಿದ ಕೂಡಲೇ ಇನ್ನೊಂದು ಕೆಲಸ ಹೇಳಬೇಕು. ಹೇಳದೇ ಇದ್ದರೆ ಎದುರಿಗೆ ನಿಂತವರನ್ನ ಸಾಲಾಗಿ ತಿನ್ನುತ್ತಾ ಹೋಗುತ್ತೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನೋರು ಬಡವರು ಮಾತ್ರ ಅಂದುಕೊಂಡಿದ್ದಿರಾ? ರಾಜ ಎರಡು ಕೈಯಲ್ಲೂ ಬಾಚಿಕೊಂಡ.

ಬಾಚಿಕೊಂಡವನು ಡಂಗುರ ಹೊಡೆಸಿದ. "ಇನ್ನು ಮೇಲೆ ಯಾರೂ ಉಳಬೇಡಿ, ಯಾರೂ ಬಿತ್ತಬೇಡಿ. ಮನೆಯಲ್ಲಿರೋ ಬೀಜವನ್ನೆಲ್ಲ ತಂದು ಅರಮನೆ ಒಲೆಗೆ ಸುರಿಯಿರಿ. ಭೂತ ಬೆಳೆಯುತ್ತೆ, ಅರಮನೆ ಬೇಯಿಸುತ್ತೆ, ನೀವು ಉಣ್ಣಿ!" ಜನಕ್ಕೆ ಖುಷಿಯೋ ಖುಷಿ. ಕುಂಟೆ ಕೂರಿಗೆಯನ್ನು ಅಟ್ಟಕ್ಕೆ ಎಸೆದು, ಜಗಲಿ ಮೇಲೆ ಕಾಲು ಚಾಚಿ ಕೂತರು. ಭೂತ ಬದು ಒಡೆಯಿತು, ಬದುವಿನ ಮರ ಕೆಡವಿತು, ಊರಿಗೆ ಊರನ್ನೇ ಒಂದು ಹೊಲ ಮಾಡಿ ಒಂದೇ ಬೆಳೆ ಬಿತ್ತಿತು. ಸುಗ್ಗಿಯಲ್ಲಿ ದೊಡ್ಡತೆನೆಯ ರಾಶಿ ಗುಡ್ಡದಷ್ಟಾಯಿತು. ದಿನಾ ಅರಮನೆ ಬಾಗಿಲಲ್ಲಿ ತಲೆಗೊಂದು ಸೌಟು ಗಂಜಿ. ಮೊದಲನೇ ದಿನ ಜನ ಚಪ್ಪೆ ಅಂದರು. ಎರಡನೇ ದಿನ ಉಪ್ಪಾದರೂ ಹಾಕಿ ಅಂದರು. ಮೂರನೇ ದಿನ ಸುಮ್ಮನಾದರು, ಯಾಕೆಂದರೆ ಮನೆಯಲ್ಲಿ ಬೇರೆ ಕಾಳು ಇರಲಿಲ್ಲ. ಅದರ ಹುಲ್ಲನ್ನು ಕರುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಅದರ ಕಾಳನ್ನು ಮತ್ತೆ ಬಿತ್ತಿದರೆ ಮೊಳಕೆ ಬರುತ್ತಿರಲಿಲ್ಲವಂತೆ. ಎರಡನೇ ವರ್ಷದ ಬೀಜವೂ ಮಾವನ ಮನೆಯಿಂದಲೇ ಬಂತು.

ಅದೇ ಊರಲ್ಲಿ ಮುದ್ದೀರಮ್ಮ ಅಂತ ಒಬ್ಬ ಹೆಂಗಸು ಇದ್ದಳಂತೆ. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಇದ್ದದ್ದು ಒಂದು ಹಸು, ಒಂದು ಬಾಯಿ, ಕೆರೆಕೋಡಿ ಹಿಂದೆ ಒಂದು ಅಂಗೈಯಗಲದ ಹೊಲ. ಹೊಲ ಎಷ್ಟು ಚಿಕ್ಕದು ಅಂದರೆ ಅಲ್ಲಿ ನೇಗಿಲು ತಿರುಗಿಸೋಕೆ ಭೂತಕ್ಕೆ ಜಾಗವೇ ಸಾಲದೆ, ಬಿಟ್ಟು ಮುಂದಕ್ಕೆ ಹೋಗಿತ್ತು. ಮುದ್ದೀರಮ್ಮ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು, ಬಚ್ಚಿಟ್ಟಿದ್ದ ಬೀಜವನ್ನು ಅತ್ತೆ ಕಲಿಸಿದ ಹಾಗೆ ಬಿತ್ತಿಕೊಂಡಳು. ಐದು ಸಾಲು ರಾಗಿ, ಒಂದು ಸಾಲು ಅಕ್ಕಡಿ. ಅಕ್ಕಡಿಯಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಎಲ್ಲ ಬೆರಕೆ. ರಾಗಿ ಕೈಕೊಟ್ಟರೆ ಅವರೆ, ಅವರೆ ಕೈಕೊಟ್ಟರೆ ಜೋಳ. ಎಲ್ಲವೂ ಒಟ್ಟಿಗೆ ಕೈಕೊಡೋಕೆ ಅವೇನು ನೆಂಟರೇ? ಸಾಲುಗಳ ನಡುವೆ ಮಳೆಗೆ ತಾನಾಗಿ ಹುಟ್ಟಿದ್ದನ್ನು ಅವಳು ಬಿತ್ತಿರಲೂ ಇಲ್ಲ, ಬೇಡ ಅಂದಿರಲೂ ಇಲ್ಲ. ಊರಲ್ಲಿ ಗಂಜಿ ಸಾಲಿಗೆ ಹೋಗದವಳು ಅವಳೊಬ್ಬಳೇ.

ಆರಿದ್ರೆ ಮಳೆ ಹೊಯ್ದು ಬಿಟ್ಟ ಒಂದು ಬೆಳಿಗ್ಗೆ ಚೊಕ್ಕರಾಜ ಉಪ್ಪರಿಗೆಯಲ್ಲಿ ನಿಂತು ಮೀಸೆ ತಿರುವುತ್ತಿದ್ದ. ನೋಡಿದಷ್ಟೂ ದೂರ ಒಂದೇ ಎತ್ತರ, ಒಂದೇ ಬಣ್ಣ. ಮೂಲೆಯಲ್ಲಿ ಮಾತ್ರ ಏನೋ ಒಂದು.

"ಮಂತ್ರಿ, ಅದೇನದು? ಯಾರದೋ ಹರಕು ಕೌದಿ ಒಣಹಾಕಿದ ಹಾಗಿದೆ."

"ಯಾವಳೋ ಒಬ್ಬಳ ಹೊಲ, ಮಹಾಸ್ವಾಮಿ."

"ಹೊಲವಾ ಅದು? ಕಳೆ!"

ಅಷ್ಟರಲ್ಲಿ ಗೇಮೆಭೂತ ಬೆಳಗಿನ ಕೆಲಸ ಮುಗಿಸಿ ಬಂದು, "ಮುಂದೇನು?" ಅಂತ ಬಾಯಿ ತೆರೆದು ನಿಂತಿತು.

"ಹೋಗು, ಕಳೆ ಕೀಳು. ರಾಜ್ಯದಲ್ಲಿ ಒಂದು ಕಡ್ಡಿ ಉಳಿಯಬಾರದು."

"ಕಳೆ ಅಂದರೆ ಯಾವುದು?"

ಹೊಲದ ಮಣ್ಣನ್ನು ಒಂದು ಸಲವೂ ತುಳಿಯದ ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ಸೂರು ನೋಡಿದ. ಸೂರಿನಲ್ಲಿ ಏನೂ ಬರೆದಿರಲಿಲ್ಲ. "ತಿನ್ನೋಕೆ ಬಾರದ್ದೆಲ್ಲ ಕಳೆ, ಹೋಗು!" ಅಂದುಬಿಟ್ಟ ರಾಜ. ಮಂತ್ರಿ ಆಹಾ ಅಂದ. ಅವನಿಗೆ ಸಂಬಳ ಇದ್ದದ್ದು ಅದಕ್ಕೇ.

ಮುದ್ದೀರಮ್ಮ ಹೊಲದಲ್ಲಿ ಬಗ್ಗಿದ್ದಳು. ಇದ್ದಕ್ಕಿದ್ದಂತೆ ಬಿಸಿಲು ಹೋಯಿತು. ಮಳೆ ಬಂತೇನೋ ಅಂತ ತಲೆ ಎತ್ತಿದರೆ ಬದುವಿನ ಮೇಲೆ ಭೂತ ನಿಂತಿದೆ. ಈ ಹೊಲ ಹೋದರೆ ನಾಳೆಯಿಂದ ತಾನೂ ಚಿಪ್ಪು ಹಿಡಿದು ಅರಮನೆ ಬಾಗಿಲಲ್ಲಿ ನಿಲ್ಲಬೇಕು. ಸಾಯೋದು ವಾಸಿ ಅನ್ನಿಸಿತು. ಆದರೆ ಕಾಲು ನಡುಗಿದರೂ ಬಾಯಿ ನಡುಗೋ ಜಾತಿಯಲ್ಲ ಅವಳದು.

"ಏನಪ್ಪಾ, ಇಷ್ಟ್ ದೂರ ಬಂದ್ಬುಟ್ಟೆ?"

"ಕಳೆ ಕೀಳೋಕೆ."

"ಕಳೆ ಅಂದ್ರೆ ಯಾವ್ದಂತೆ?"

"ತಿನ್ನೋಕೆ ಬಾರದ್ದೆಲ್ಲ ಕಳೆ. ರಾಜನ ಮಾತು."

ಮುದ್ದೀರಮ್ಮನಿಗೆ ಹೋದ ಉಸಿರು ವಾಪಸ್ಸು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಂಗಾದ್ರೆ ಕೀಳಪ್ಪಾ, ನಂಗೂ ಬಗ್ಗಿ ಬಗ್ಗಿ ಸೊಂಟ ಬಿದ್ದೋಗದೆ. ಒಂದೊಂದೇ ಕಿತ್ತು ತೋರ್ಸು. ತಿನ್ನೋದೋ ಅಲ್ವೋ ನಾನ್ ಏಳ್ತೀನಿ."

ಭೂತ ಒಂದು ಗಿಡ ಕಿತ್ತಿತು. "ಇದು?"

"ಅಣ್ಣೆಸೊಪ್ಪು. ಸಾರಿಗೆ. ಮಡ್ಲಿಗೆ ಆಕು."

"ಇದು?"

"ದೊಡ್ಡಗೋಣಿ. ಉಳಿಯಾಗಿರ್ತದೆ, ಬ್ಯಾಳೆ ಜೊತೆ ಚಂದ. ಆಕು ಮಡ್ಲಿಗೆ."

"ಇದಕ್ಕೆ ಮುಳ್ಳಿದೆ."

"ನಮ್ಮತ್ತೆಗೂ ಇತ್ತು. ಮುಳ್ಳುಕೀರೆ ಅದು. ಕುಡಿ ಚಿವುಟು, ಆಕು."

ಗಣಿಕೆಸೊಪ್ಪು ಬಂತು, ಹೊನಗೊನ್ನೆ ಬಂತು. ಗರಿಕೆ ಕೈಗೆ ಸಿಕ್ಕಾಗ ಭೂತಕ್ಕೆ ಗೆದ್ದಷ್ಟು ಸಂತೋಷ. "ಇದನ್ನ ನೀನು ತಿಂತೀಯಾ?"

"ನಾನ್ಯಾಕ್ ತಿನ್ಲಿ? ನಮ್ಮನೆ ಅಸ ತಿಂತದೆ. ಮನುಸ್ರೇ ತಿನ್ಬೇಕು ಅಂತ ಏಳಿದ್ನಾ ನಿಮ್ ರಾಜ?"

ಭೂತ ಯೋಚನೆ ಮಾಡಿತು. ಹೇಳಿರಲಿಲ್ಲ. ಗರಿಕೆಯನ್ನು ಇದ್ದ ಕಡೆಯೇ ಊರಿ, ಮೇಲೆ ಮಣ್ಣು ತಟ್ಟಿತು. ತುಂಬೆಗಿಡಕ್ಕೆ ಕೈ ಹಾಕಿದರೆ, "ಅದ್ರ ಊವ ಜೇನು ತಿಂತದೆ, ಜೇನ್ ತುಪ್ಪ ನಾವ್ ತಿಂತೀವಿ, ಬುಡು ಕೈಯ" ಅಂದಳು. ನಡು ಮಧ್ಯಾಹ್ನವಾಯಿತು. ಮುದ್ದೀರಮ್ಮನ ಮಡಿಲು ತುಂಬಿತು, ಭೂತದ ಕೈಯಲ್ಲಿ ಒಂದು ಕಳೆಯಿಲ್ಲ. ಅದಕ್ಕೆ ಹುಟ್ಟಿದ ಮೇಲೆ ಮೊದಲ ಸಲ ಬೆವರು ಬಂತಂತೆ.

"ನೀನು ಸುಳ್ಳು ಹೇಳ್ತಿದ್ದೀಯ. ತಿಂದು ನೋಡಬೇಕು."

"ಅಯ್ಯೋ, ಬಾರಪ್ಪಾ, ಉಂಬಕ್ಕೆ ಯಾರನ್ನ ಬ್ಯಾಡ ಅಂದೀನಿ?"

ಮುದ್ದೀರಮ್ಮ ಆ ಬೆರಕೆಸೊಪ್ಪನ್ನು ಅವರೆಕಾಳಿನ ಜೊತೆ ಬೇಯಿಸಿ ಬಸಿದಳು. ಬಸಿದ ನೀರಿಗೆ ಖಾರ ಅರೆದು ಬಿಟ್ಟು ಸಾರು ಮಾಡಿದಳು, ಸೊಪ್ಪು ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ರಾಗಿಹಿಟ್ಟಿಗೆ ಕೋಲು ಹಾಕಿ ತಿರುವಿ, ಭೂತದ ಅಳತೆಗೆ ಕುಂಬಳಕಾಯಿ ಗಾತ್ರದ ಮುದ್ದೆ ಕಟ್ಟಿಟ್ಟಳು. ಭೂತ ಮುದ್ದೆ ಎತ್ತಿ ಬಾಯಿಗೆ ಹಾಕಿಕೊಂಡು ಕಟಕಟ ಅಗಿಯಿತು. ಬಂಡೆ ಅಗಿಯೋ ಹಲ್ಲು ಮುದ್ದೆಯಲ್ಲಿ ಕಚ್ಚಿಕೊಂಡವು. ಮೇಲಿನ ದವಡೆ ಮೇಲೆ ಬಾರದು, ಕೆಳಗಿನ ದವಡೆ ಕೆಳಗೆ ಹೋಗದು. ಊರು ಹೆದರೋ ಭೂತ ಒಲೆಯ ಮುಂದೆ ಕೂತು ಊಂ ಊಂ ಅಂತ ಕಣ್ಣು ಬಿಡುತ್ತಿತ್ತು.

"ಅಗೀಬ್ಯಾಡ್ವೋ ಮಂಕೆ! ಮುದ್ದೇನ ಯಾರಾದ್ರೂ ಅಗೀತಾರಾ? ಸಾರಲ್ಲಿ ಒಳ್ಳಾಡ್ಸಿ ನುಂಗು!" ಅಂತ ಬೆನ್ನಿಗೊಂದು ಗುದ್ದಿದಳು.

ಭೂತ ನುಂಗಿತು. ಇನ್ನೊಂದು ಕೇಳಿತು. ಏಳು ಮುದ್ದೆ ಇಳಿಸಿತು. ಕಣ್ಣಲ್ಲಿ ನೀರು ಬಂದಿತ್ತು. ಖಾರ ಅಂದಿತು. ಖಾರವೇ ಇರಬೇಕು ಬಿಡಿ.

"ಇಲ್ಲಿ ಕಳೆ ಇಲ್ಲ" ಅಂತ ಎದ್ದು ನಿಂತಿತು. ಹೊಲ ಉಳಿಯಿತು. ಅಲ್ಲಿಗೆ ಮುದ್ದೀರಮ್ಮ ಸುಮ್ಮನಿದ್ದಿದ್ದರೆ ಕಥೆ ಮುಗಿದು ನಾವೂ ಮಲಗಬಹುದಿತ್ತು. ಅಷ್ಟರಲ್ಲಿ ಭೂತ ಪಕ್ಕದ ದೊಡ್ಡತೆನೆಯ ಕಡೆ ಬೊಟ್ಟು ಮಾಡಿ, "ಅದು? ಅದು ತಿನ್ನೋಕೆ ಬರುತ್ತಾ?" ಅಂದಿತು. ಗೆದ್ದ ಅವಳ ಬಾಯಿ ಕೇಳಬೇಕಲ್ಲ.

"ನನ್ನ ಯಾಕ್ ಕೇಳೀಯೆ? ನಿನ್ ರಾಜುನ್ನೇ ಕೇಳೋಗು, ಅವ್ನು ತಿಂತಾನಾ ಅಂತ."

ಭೂತ ಸಾಕ್ಷಿಗೆ ಇರಲಿ ಅಂತ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಮುದ್ದೆ ಕೋಲಿನ ಸಮೇತ ಅರಮನೆಗೆ ನಡೆಯಿತು.

ಬಾಗಿಲಲ್ಲಿ ಗಂಜಿ ಸಾಲು. ಭೂತ ಸಾಲಿನ ಮೊದಲಲ್ಲಿದ್ದ ಮುದುಕನನ್ನು ಕೇಳಿತು, "ಇದು ತಿನ್ನೋಕೆ ಬರುತ್ತಾ?" ಮುದುಕ ಕಾವಲಿನವರ ಭರ್ಜಿ ನೋಡಿ, "ಗಂಟ್ಲಲ್ಲಿ ಇಳೀತದೆ ಸ್ವಾಮಿ. ಒಟ್ಟೆಗೆ ಗೊತ್ತಾಗಾಕಿಲ್ಲ" ಅಂದ. ಭೂತಕ್ಕೆ ಅರ್ಥವಾಗಲಿಲ್ಲ. ಒಂದು ಚಿಪ್ಪು ಗಂಜಿ ಎತ್ತಿಕೊಂಡು ನೇರ ಸಿಂಹಾಸನದ ಮುಂದೆ ಹೋಗಿ ಹಿಡಿಯಿತು.

"ನಾನಾ? ನನಗೆ ಒಳಗೆ ಸಣ್ಣಕ್ಕಿ ಅನ್ನ ಆಗಿದೆ" ಅಂದ ರಾಜ.

"ತಿನ್ನೋಕೆ ಬರುತ್ತಾ, ಬರಲ್ವಾ?"

ತುಂಬಿದ ಸಭೆ. ರಾಜ ಮೂಗು ಹಿಡಿದುಕೊಂಡು ಒಂದು ಗುಟುಕು ಬಾಯಿಗೆ ಬಿಟ್ಟ. ನೂರು ನೂರು ಕೂದಲಿನ ಮೀಸೆ ಈ ಕಡೆಯೊಂದು ಆ ಕಡೆಯೊಂದು ತಿರುಗಿತು. ಗಂಜಿ ಹೋಗಿ ಮಂತ್ರಿಯ ಪೇಟದ ಮೇಲೆ ಬಿತ್ತು. "ಥೂ! ಇದನ್ನ ಯಾವನು ತಿಂತಾನೋ!"

"ಸರಿ, ಕಳೆ" ಅಂತ ಭೂತ ಹೊರಟಿತು.

ಎಲೆ ಅಡಿಕೆ ಹಾಕಿಕೊಂಡು ಉಗುಳೋದರೊಳಗೆ ರಾಜ್ಯದ ದೊಡ್ಡತೆನೆಯೆಲ್ಲ ಬೇರುಸಮೇತ, ಅರಮನೆ ಕಣಜದ ಕಾಳುಸಮೇತ ಕೆರೆಯಂಗಳದ ಕೆಸರಲ್ಲಿ ಬೆರೆತು ಬಿದ್ದಿತ್ತು. ಹೊಲಗಳು ಬೋಳು. ಜನ ಎದೆ ಬಡಿದುಕೊಂಡು ಅತ್ತರು. ಚಪ್ಪೆಯೋ ಸಪ್ಪೆಯೋ, ನಾಳೆಗೆ ಅದೂ ಇಲ್ಲವಲ್ಲ. ಎಲ್ಲರೂ ಮುದ್ದೀರಮ್ಮನ ಕಡೆ ತಿರುಗಿ, "ನಿನ್ ಬಾಯಿಂದ ಊರ್ ಆಳಾಯ್ತಲ್ಲೇ!" ಅಂದರು. ತನ್ನ ಹೊಲ ಉಳಿಸಿಕೊಳ್ಳೋಕೆ ಹೋಗಿ ಎಳೇ ಮಕ್ಕಳ ಗಂಜಿ ಕಿತ್ತೆನಲ್ಲ ಅಂತ ಅವಳೂ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಭೂತ ಬಂದು ರಾಜನ ಮುಂದೆ ನಿಂತಿತು. "ಮುಂದೇನು?" ರಾಜನಿಗೆ ಮಾತು ಹೊರಡಲಿಲ್ಲ. ಭೂತ ಬಾಯಿ ಅಗಲಿಸಿತು.

"ನಿಲ್ಲೋ!" ಅಂತ ಮುದ್ದೀರಮ್ಮ ಕೂಗಿದಳು. ರಾಜನ ಮೇಲಿನ ಮರುಕಕ್ಕಲ್ಲ, ರಾಜ ಆದ ಮೇಲೆ ಸಾಲಿನಲ್ಲಿ ಯಾರು ಅಂತ ಅವಳಿಗೆ ಗೊತ್ತಿತ್ತು. "ಓಗು, ಊರಿಗೆಲ್ಲ ಸಾರಿಗಾಗೋವಷ್ಟು ಸೊಪ್ಪು ಕುಯ್ಕೊಂಡ್ ಬಾ. ಎಳೇ ಕುಡಿ ಮಾತ್ರ. ಬೇರು ಮುಟ್ಟಿದ್ರೆ ಮುದ್ದೆ ಇಲ್ಲ!" ಬೋಳು ಅಂದುಕೊಂಡ ಹೊಲದಲ್ಲಿ, ದೊಡ್ಡತೆನೆಯ ಬುಡದಲ್ಲಿ ಮುದುರಿಕೊಂಡಿದ್ದ ಸೊಪ್ಪೆಲ್ಲ ಹಾಗೇ ಇತ್ತು. ತಿನ್ನೋಕೆ ಬರೋದನ್ನ ಭೂತ ಮುಟ್ಟಿರಲಿಲ್ಲವಲ್ಲ. ಕುಯ್ದ ಕಡೆ ಮೂರು ದಿನಕ್ಕೆ ಮತ್ತೆ ಚಿಗುರುತ್ತೆ. ಇವತ್ತು ಆ ಕೊನೆ ಮುಟ್ಟಿದರೆ ನಾಳೆ ಈ ಕೊನೆ ಶುರು. ಭೂತಕ್ಕೆ ಕೈ ಖಾಲಿ ಅನ್ನೋದೇ ಇಲ್ಲದೆ ಹೋಯಿತು.

ಸೊಪ್ಪು ಸರಿ, ಮುದ್ದೆಗೆ? ಮುದ್ದೀರಮ್ಮ ಮನೆಗೆ ಹೋಗಿ, ಹೊಗೆ ಗೂಡಿನಿಂದ, ಬಿತ್ತನೆ ರಾಗಿ ತುಂಬಿ ಬೂದಿ ಬಳಿದಿಟ್ಟ ಸೋರೆಬುರುಡೆ ಇಳಿಸಿಕೊಂಡು ಬಂದಳು. ಅರ್ಧ ಬಿತ್ತು, ಅರ್ಧ ಇಟ್ಟುಕೋ ಅಂತ ಅತ್ತೆ ಹೇಳಿದ ಅರ್ಧ ಅದು. ಕೊಟ್ಟುಬಿಟ್ಟು ಈ ಸಲ ತನ್ನ ಹೊಲ ಕೈಕೊಟ್ಟರೆ ಅವಳಿಗೆ ಹಿಂದೆ ಮುಂದೆ ಏನೂ ಇಲ್ಲ. ಆದರೂ ಬುರುಡೆ ಬಿಚ್ಚಿ ಮೊರಕ್ಕೆ ಸುರಿದಳು. "ಪುನರ್ವಸು ಮಳೆ ಇನ್ನೂ ಮುಂದೈತೆ. ಮನೆಗೊಂದು ಇಡಿ ತಗಂಡೋಗಿ ಸಸಿಗೆ ಒಟ್ಲು ಬಿಡ್ರಿ."

ಮನೆಗೊಂದು ಹಿಡಿ ಅಂದರೆ ಹತ್ತು ಮನೆಗೆ ಮುಗಿಯಿತು. ಹನ್ನೊಂದನೆಯವಳು ಕುಂಬಾರ ಗಿಡ್ಡಮ್ಮ. ಅವಳು ಸೆರಗು ಒಡ್ಡದೆ ಗಂಡನ ಮುಖ ನೋಡಿದಳು, ನೆಲ ನೋಡಿದಳು. "ಅಕ್ಕಾ, ಯಾರ್ಗೂ ಏಳ್ಬ್ಯಾಡ. ಒಡೆದ ಗುಡಾಣದ ತಳದಾಗೆ ನಂದೂ ಒಂದ್ ಸೇರು ಅವರೆ ಐತೆ." ಗಂಡ ಬಾಯಿ ಬಿಟ್ಟ. ಹಿಂದಿದ್ದ ಸಿದ್ದಕ್ಕ ತುರುಬು ಬಿಚ್ಚಿದಳು, ಹುಚ್ಚೆಳ್ಳಿನ ಗಂಟು ಬಿತ್ತು. ಒಬ್ಬಳ ತಲೆದಿಂಬಿನಲ್ಲಿ ರಾಗಿ, ಒಬ್ಬಳ ತೊಟ್ಟಿಲ ಹಾಸಿನ ಅಡಿ ತೊಗರಿ. ಊರಿಗೆ ಊರೇ ಕಳ್ಳರು! ಒಂದು ವರ್ಷದಿಂದ ಒಬ್ಬೊಬ್ಬಳೂ ತಾನೊಬ್ಬಳೇ ತಪ್ಪು ಮಾಡಿದೆ ಅಂತ ರಾತ್ರಿಯೆಲ್ಲ ಹೆದರಿಕೊಂಡು ಮಲಗಿದ್ದಳಂತೆ. ಈಗ ಒಬ್ಬರನ್ನೊಬ್ಬರು ನೋಡಿ ಮೊದಲು ಅತ್ತರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಬಂದವಳು ಯಾರು ಅಂತೀರಿ? ರಾಣಿ. ಒಡವೆ ಪೆಟ್ಟಿಗೆ ತೆರೆದು ಅಂಗೈ ತುಂಬ ಜೋಳ ಸುರಿದಳು.

"ನಮ್ಮಪ್ಪನ ಬೀಜ ನಮ್ಮಪ್ಪನ ಮನೆಯಲ್ಲೇ ಯಾರೂ ತಿನ್ತಿರಲಿಲ್ಲ" ಅಂದಳು.

ಚೊಕ್ಕರಾಜ ಮೊರದ ಮೇಲಿನ ಆ ಬೆರಕೆ ರಾಶಿಯನ್ನೂ, ಸುತ್ತ ನಿಂತ ಹೆಂಗಸರನ್ನೂ ನೋಡಿದ. "ಅಂದರೆ ಎಲ್ಲರೂ ನನ್ನ ಆಜ್ಞೆ ಮೀರಿದ್ದೀರಾ?"

"ಊಂ ಕಣಪ್ಪಾ" ಅಂದಳು ಮುದ್ದೀರಮ್ಮ. "ಮೀರಿದ್ದಕ್ಕೇ ಸುಗ್ಗೀಲಿ ನಿಂಗೂ ಊಟ. ಶಲ್ಯ ಒಡ್ಡು, ಬಿತ್ತಾಕೆ ನಿಂಗೂ ಒಂದ್ ಇಡಿ."

ರಾಜ ಶಲ್ಯ ಒಡ್ಡಿದನಂತೆ.

ಅವರು ಬಿತ್ತಿ ಬೆಳೆದು ಉಂಡರು, ನಾನು ಕಂಡಷ್ಟು ಹೇಳಿದೆ, ಕಾಣದಷ್ಟು ಸೇರಿಸಿದೆ. ಏಳಿ, ಮುದ್ದೆ ಆರಿದರೆ ನನ್ನನ್ನ ಬೈಬೇಡಿ.