ಸೆಲಾ ಎಂದರೇನು?

ಕರಿಮಡ್ಡಿಯ ಚರ್ಚಿನ ಹಿಂಬದಿಗೆ ಗೋಡೆಗೆ ಒರಗಿಸಿ ಕಟ್ಟಿದ ಒಂದು ತಗಡಿನ ಕೋಣೆ ಇತ್ತು. ಪೂಜ್ಯ ಮಾರ್ಥವ್ವನವರು ತಮ್ಮ ಮುಪ್ಪಿನ ಕಾಲವನ್ನು ಕಳೆದದ್ದು ಅಲ್ಲಿಯೇ. ಒಂದು ಹಾಸಿಗೆ, ಒಂದು ನೀರಿನ ಕೊಡ, ಬಟ್ಟೆಯಲ್ಲಿ ಸುತ್ತಿಟ್ಟ ಸತ್ಯವೇದ, ಇಷ್ಟೇ ಅವರ ಸಂಸಾರ. ಹರೆಯದಲ್ಲಿ ಅವರು ಹೆಗಲಿಗೆ ಚೀಲ ಹಾಕಿಕೊಂಡು ಎರೆಸೀಮೆಯ ಹಳ್ಳಿಹಳ್ಳಿಗೆ ನಡೆದು ಹೆಂಗಸರಿಗೆ ಸುವಾರ್ತೆ ಓದಿ ಹೇಳುತ್ತಿದ್ದರು. ಕಾಲು ಸೋತ ಮೇಲೆ ಹಳ್ಳಿಯ ಜನರೇ ಅವರ ಬಾಗಿಲಿಗೆ ಬರತೊಡಗಿದರು. ಬಂದವರಿಗೆಲ್ಲ ಉಪದೇಶ ಸಿಗುತ್ತಿತ್ತೆಂದು ತಿಳಿಯಬೇಡಿ. ಸಿಗುತ್ತಿದ್ದದ್ದು ಹಸನು ಮಾಡಲು ಒಂದು ಮೊರ ಜೋಳ. ದುಃಖ ಹೇಳಿಕೊಳ್ಳುವವರ ಕೈ ಸುಮ್ಮನಿರಬಾರದೆಂಬುದು ಆ ತಾಯಿಯ ಎಣಿಕೆಯಾಗಿತ್ತು.

ಅದೇ ಊರಿನ ಶಾಲೆಯಲ್ಲಿ ಎಲಿಶಪ್ಪ ಎಂಬ ಮಾಸ್ತರರಿದ್ದರು. ಮಾರ್ಥವ್ವನವರೇ ಅಕ್ಷರ ತಿದ್ದಿಸಿ ಬೆಳೆಸಿದ ಹುಡುಗ. ಭಾನುವಾರದ ಆರಾಧನೆಯಲ್ಲಿ ವೇದಪಾಠ ಓದುವುದು ಅವರ ಪಾಲಿಗೆ ಬಂದಿತ್ತು. ಕಂಠವೂ ಹಾಗೇ ಇತ್ತು, ಹಿಂದಿನ ಸಾಲಿನಲ್ಲಿ ತೂಕಡಿಸುವವರೂ ಎದ್ದು ಕೂಡುತ್ತಿದ್ದರು. ಅವರಿಗೂ ಪತ್ನಿ ರೂತವ್ವನಿಗೂ ಒಬ್ಬಳೇ ಮಗಳು, ತಬಿತಾ. ಕ್ರಿಸ್ಮಸ್ ಕಳೆದು ಸ್ವಲ್ಪ ದಿನಕ್ಕೆ ಆ ಮಗುವಿಗೆ ಜ್ವರ ಹಿಡಿಯಿತು. ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಏರಿತು. ಆಸ್ಪತ್ರೆಯ ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿ, ಇನ್ನು ಮನೆಯಲ್ಲಿಟ್ಟುಕೊಂಡು ನೋಡಿರಿ ಎಂದು ಕಳಿಸಿಬಿಟ್ಟರು.

ಊರಿನವರು ಒಳ್ಳೆಯವರು. ಒಳ್ಳೆಯವರು ಸುಮ್ಮನಿರುವುದಿಲ್ಲ, ಅದೇ ತೊಂದರೆ. ಒಬ್ಬರು ಬಂದು, ಇದು ನಂಬಿಕೆಯ ಪರೀಕ್ಷೆ ಎಂದರು. ಇನ್ನೊಬ್ಬರು, ಮನೆಯಲ್ಲಿ ಯಾವುದೋ ಪಾಪ ಅಡಗಿದೆ, ಹುಡುಕಿರಿ ಎಂದರು. ಮತ್ತೊಬ್ಬರು, ಹುಡುಗಿಯ ಹೆಸರೇ ತಬಿತಾ, ಆ ಹೆಸರಿನವಳನ್ನು ಪೇತ್ರನು ಸಾವಿನಿಂದಲೇ ಎಬ್ಬಿಸಲಿಲ್ಲವೇ, ಚಿಂತೆ ಯಾಕೆ ಎಂದರು. ಎಲ್ಲರ ಕೈಯಲ್ಲೂ ವೇದವಚನವಿತ್ತು. ಮಾಸ್ತರರು ತಾವೇ ಪುಟ ತಿರುವಿದರೆ ಒಂದು ಕಡೆ ರೋಗಿ ಎದ್ದು ಹಾಸಿಗೆ ಹೊತ್ತು ನಡೆಯುತ್ತಾನೆ, ಇನ್ನೊಂದು ಕಡೆ ಮನುಷ್ಯ ಮಣ್ಣಿಗೆ ಸೇರುತ್ತಾನೆ. ಇದರಲ್ಲಿ ನನ್ನ ಮಗಳ ಪುಟ ಯಾವುದು? ಪಾಪ, ಅವರ ತಲೆ ಗೊಂದಲದ ಗೂಡಾಯಿತು.

ಕರಿಮಡ್ಡಿಯ ಸಭೆಯಲ್ಲಿ ಹೊಸ ವರ್ಷದ ದಿನ ವಾಗ್ದಾನದ ಚೀಟಿ ಎತ್ತುವ ರೂಢಿಯಿದೆ. ತಟ್ಟೆಯಲ್ಲಿಟ್ಟ ಚೀಟಿಗಳಲ್ಲಿ ಕೈಗೆ ಬಂದ ವಚನ ಆ ವರ್ಷಕ್ಕೆ ನಮ್ಮದು. ಆ ರುಚಿ ಹತ್ತಿದವರು ವರ್ಷದ ನಡುವೆಯೂ, ಕಷ್ಟ ಬಂದಾಗ, ಕಣ್ಣು ಮುಚ್ಚಿ ವೇದ ತೆರೆದು ಬೆರಳಿಡುತ್ತಾರೆ. ಬೆರಳು ಬಿದ್ದ ಮಾತೇ ದೇವರ ಉತ್ತರ. ಒಂದು ಮುಂಜಾನೆ ಮಾಸ್ತರರು ಮೊಣಕಾಲೂರಿ, "ತಂದೀ, ಮಗಳು ಉಳೀತಾಳೋ ಇಲ್ಲೋ, ಒಂದ ಮಾತಿನ್ಯಾಗ ಹೇಳಿಬಿಡು" ಎಂದು ಬೇಡಿ, ಬೆರಳಿಟ್ಟು ಕಣ್ಣು ತೆರೆದರು. ಬೆರಳು ವೇದದ ಹಾಡುಗಳಾದ ಕೀರ್ತನೆಗಳಲ್ಲಿ ಬಿದ್ದಿತ್ತು. ಅದರಡಿಯಲ್ಲಿ ಇದ್ದದ್ದು ಒಂದೇ ಮಾತು: ಸೆಲಾ.

ದೇವರು ಕೇಳಿದ ಹಾಗೆಯೇ ಒಂದು ಮಾತಿನಲ್ಲಿ ಹೇಳಿದ್ದನು. ಆದರೆ ಆ ಮಾತಿನ ಅರ್ಥ ಯಾರಿಗೂ ತಿಳಿಯದು! ಕೀರ್ತನೆಗಳ ನಡುವೆ ಅಲ್ಲಲ್ಲಿ ಅದು ಒಂಟಿಯಾಗಿ ನಿಂತಿರುತ್ತದೆ. ಮಾಸ್ತರರು ಇಷ್ಟು ವರ್ಷ ಅದನ್ನು ಗಂಟಲು ಸರಿಮಾಡಿಕೊಂಡು ದಾಟಿಹೋಗಿದ್ದರು.

ಅವರು ಅಂಗಿ ತೊಟ್ಟು ಓಡಿದರು. ಸಭಾಪಾಲಕರು ದಪ್ಪ ಪುಸ್ತಕಗಳನ್ನು ತೆರೆದು ನೋಡಿ, "ಹಾಡುವವರಿಗೆ ಕೊಟ್ಟ ಗುರುತು ಇರಬಹುದು ಮಾಸ್ತರರೇ. ಪಂಡಿತರಲ್ಲೇ ಒಮ್ಮತವಿಲ್ಲ" ಎಂದರು. ಬಾವಿ ತೋಡುವ ಹನೋಕಪ್ಪ ಮಾತ್ರ ಹಿಗ್ಗಿಬಿಟ್ಟ. "ಸೆಲಾ ಅಂದ್ರ ಸೆಲಿನರೀ! ಬಾಂವ್ಯಾಗ ನೀರಿನ ಸೆಲಿ ಒಡದಂಗ. ಹುಡುಗಿ ಬದಕ್ತಾಳ, ಹೋಗ್ರಿ!" ಮಾಸ್ತರರಿಗೆ ಜೀವ ಬಂದಂತಾಯಿತು. ಆದರೆ ದಾರಿಯಲ್ಲಿ ಗೋರಿಯ ಕಲ್ಲು ಕೆತ್ತುವ ಜ್ಞಾನಪ್ಪ ಸಿಕ್ಕ. ಅವನು, "ಸೆಲಾ ಅಲ್ಲ, ಶಿಲಾ ಇರಬೇಕ್ರಿ. ಅಚ್ಚಿನ್ಯಾಗ ತಪ್ಪಿರಬೇಕು" ಎಂದವನು, ಮಾಸ್ತರರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಹೀಗೆ ದಿನವೂ ನಡೆಯಿತು. ಸೆಲೆಯೋ ಶಿಲೆಯೋ ಎಂದು ಮಾಸ್ತರರು ಮನೆಯಿಂದ ಮನೆಗೆ, ಊರಿಂದ ಊರಿಗೆ ಅಲೆದರು. ಇತ್ತ ಮಗು ಕಣ್ಣು ಬಿಟ್ಟಾಗಲೆಲ್ಲ, "ಅಪ್ಪ ಎಲ್ಲಿ?" ಎಂದು ಕೇಳುತ್ತಿತ್ತು. ರೂತವ್ವ, "ಅರ್ಥಾ ಕೇಳಾಕ ಹೋಗ್ಯಾರವ್ವಾ" ಎನ್ನುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಅವರು ಮಾರ್ಥವ್ವನವರ ಬಾಗಿಲಿಗೆ ಬಂದರು. ತಾಯಿಯವರು ಎಂದಿನಂತೆ ಮೊರವನ್ನು ಮುಂದೆ ಸರಿಸಿದರು. ಮಾಸ್ತರರು ಅದನ್ನು ಸಿಟ್ಟಿನಿಂದ ನೂಕಿದರು. ಜೋಳ ನೆಲದ ತುಂಬ ಚೆಲ್ಲಿತು. ಮಾರ್ಥವ್ವನವರು ಒಂದೊಂದೇ ಕಾಳು ಆಯತೊಡಗಿದರು.

"ಅವ್ವಾ, ಜೋಳ ಆಮ್ಯಾಲ. ಸೆಲಾ ಅಂದ್ರೇನು, ಅದನ್ನಷ್ಟ ಹೇಳ್ರಿ."

"ನನಗೂ ಗೊತ್ತಿಲ್ಲೋ ಎಲಿಶಾ."

"ನಿಮಗೂ ಗೊತ್ತಿಲ್ಲಂದ್ರ? ಜನ್ಮ ಪೂರ್ತಿ ಅದನ್ನ ಓದೀರಲ್ಲ!"

"ಓದೀನಿ. ಆ ಮಾತು ಬಂದಲ್ಲೆ ಒಂದು ಉಸರು ತಗೋತೀನಿ. ಮುಂದ ಓದ್ತೀನಿ." ಆ ತಾಯಿ ತಲೆ ಎತ್ತಿದರು. "ನೀ ಮುಂದ ಓದೀಯೇನು?"

ವಾರವಾರವೂ ಊರಿಗೆಲ್ಲ ಓದಿ ಹೇಳುವ ಮಾಸ್ತರರು, ಬೆರಳು ಬಿದ್ದ ಮಾತಿನಾಚೆಗೆ ಒಂದು ಸಾಲನ್ನೂ ನೋಡಿರಲಿಲ್ಲ. ಮಾರ್ಥವ್ವನವರು ಬಟ್ಟೆ ಬಿಚ್ಚಿ ವೇದವನ್ನು ಕೊಟ್ಟರು. ಮಾಸ್ತರರು ಆ ಕೀರ್ತನೆಯನ್ನು ಮೊದಲಿನಿಂದ ಓದಿದರು. ಹಗಲಿರುಳು ದೇವರನ್ನು ಕೂಗಿ ಸೋತ ಒಬ್ಬನ ಮೊರೆ ಅದು. ಸತ್ತವರು ಎದ್ದು ನಿನ್ನನ್ನು ಹೊಗಳುವರೇ ಎಂದು ಅವನು ದೇವರನ್ನೇ ಕೇಳುತ್ತಾನೆ. ಸೆಲಾ. ಮತ್ತೆ ಕೂಗುತ್ತಾನೆ. ಕೊನೆಗೆ ಕತ್ತಲೆಯ ಹೊರತು ಅವನಿಗೆ ಯಾರೂ ಉಳಿಯುವುದಿಲ್ಲ. ಅಲ್ಲಿಗೆ ಮುಗಿಯಿತು.

"ಕತ್ತಲದಾಗನ ಮುಗೀತಲ್ಲವ್ವಾ! ಉತ್ತರಾನ ಇಲ್ಲ."

"ಇಲ್ಲ. ಆದ್ರೂ ವೇದದಾಗ ಐತಿ. ಉತ್ತರ ಸಿಗಲಿಲ್ಲಂತ ಆ ಮನಷ್ಯಾ ಎದ್ದು ಹೋಗಲಿಲ್ಲ. ನೀ ಯಾಕ ಎದ್ದು ಬಂದಿ?" ಆಯ್ದ ಕಾಳನ್ನು ಮೊರಕ್ಕೆ ಹಾಕುತ್ತ ಅವರು ಹೇಳಿದರು, "ಕೂಸಿಗೆ ಅರ್ಥಾ ಬ್ಯಾಡೋ. ಅಪ್ಪ ಬೇಕು."

ಆ ಕ್ಷಣವೇ ಮಾಸ್ತರರ ಗೊಂದಲವೆಲ್ಲ ಬಗೆಹರಿಯಿತು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ತಲೆಯಲ್ಲಿ ಅದೇ ಗೊಂದಲ ಹೊತ್ತುಕೊಂಡೇ ಮನೆಗೆ ನಡೆದರು. ಒಂದೇ ವ್ಯತ್ಯಾಸ, ಈ ಸಲ ಹೋಗಿ ಮಗಳ ಹಾಸಿಗೆಯ ಮಗ್ಗುಲಲ್ಲಿ ಕೂತರು. ಅವಳ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೀರ್ತನೆ ಓದಿದರು.

"ಅಪ್ಪಾ, ಸೆಲಾ ಅಂದ್ರೇನು?" ಎಂದಳು ತಬಿತಾ.

"ಗೊತ್ತಿಲ್ಲವ್ವಾ. ಒಂದು ಉಸರು ತಗೋ."

ಅವಳು ಉಸಿರೆಳೆದಳು. ಅಪ್ಪನೂ ಎಳೆದರು. ಮಗುವಿಗೆ ಅದು ಆಟವಾಯಿತು. ಅಪ್ಪ ಓದುತ್ತಿದ್ದರೆ, "ಈಗ ಬರ್ತೈತೇನು?" ಎಂದು ಕಾಯುವಳು. ಆ ಮಾತು ಬಂದೊಡನೆ ಅಪ್ಪ, ಅವ್ವ, ಮಗಳು ಮೂವರೂ ಸೇರಿ ಉಸಿರೆಳೆಯುವರು. ಸೆಲಾ ಇಲ್ಲದ ಕೀರ್ತನೆ ಬಂದರೆ ಮುನಿಸು. ಆ ಮನೆಯಲ್ಲಿ ಮತ್ತೆ ನಗು ಕೇಳಿತು ಎಂದು ನೆರೆಯವರು ಬೆರಗಾದರು.

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಬರುವ ಮುನ್ನ ತಬಿತಾ ಪ್ರಭುವಿನಲ್ಲಿ ನಿದ್ರೆಹೋದಳು. ಅಪ್ಪನ ತೊಡೆ ಅವಳ ಕಾಲ ಕೆಳಗೇ ಇತ್ತು.

ಗೋರಿಯ ಕುಣಿ ತೋಡಿದವನು, ಸೆಲಿ ಎಂದು ಸಾರಿದ ಹನೋಕಪ್ಪನೇ. ಸಭಾಪಾಲಕರು ವೇದಪಾಠ ತಾವೇ ಓದುವೆನೆಂದರು. ಮಾಸ್ತರರು ಒಪ್ಪಲಿಲ್ಲ. ಕುಣಿಯ ಅಂಚಿನಲ್ಲಿ ನಿಂತು ಅದೇ ಕೀರ್ತನೆಯನ್ನು ತೆರೆದರು. ಸತ್ತವರು ಎದ್ದು ನಿನ್ನನ್ನು ಹೊಗಳುವರೇ ಎಂಬ ಸಾಲಿನವರೆಗೆ ದನಿ ಬಂತು. "ಸೆಲಾ" ಎಂದರು. ಅಲ್ಲಿಗೆ ಓದು ನಿಂತುಹೋಯಿತು. ಜನ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಹಿಂದಿನಿಂದ, ಚಕ್ಕಡಿಯಲ್ಲಿ ಕರೆತಂದು ಕೂರಿಸಿದ್ದ ಮಾರ್ಥವ್ವನವರು, ಎಲ್ಲರಿಗೂ ಕೇಳುವಂತೆ ಒಂದು ಉಸಿರೆಳೆದರು. ರೂತವ್ವ ತಿರುಗಿ ನೋಡಿ ತಾನೂ ಎಳೆದಳು. ಹನೋಕಪ್ಪ ಎಳೆದ, ಜ್ಞಾನಪ್ಪ ಎಳೆದ. ನೆರೆದ ಸಭೆಯೆಲ್ಲ ಒಂದಾಗಿ ಉಸಿರೆಳೆಯಿತು. ಮಾಸ್ತರರೂ ಎಳೆದರು. ಮುಂದಿನ ಸಾಲು ಓದಿದರು. ನಾನಾದರೋ ಬೆಳಗಾದರೆ ಮತ್ತೆ ನಿನ್ನ ಮುಂದೆ ಬಂದು ಬೇಡುವೆನು ಎಂಬಲ್ಲಿಗೆ ಬಂದಾಗ ಆ ದನಿ ಎಂದಿನಂತೆ ಗಟ್ಟಿಯಾಗಿ ಬಂತು. ಕೊನೆಯ ಕತ್ತಲೆಯವರೆಗೂ ಓದಿ ಅವರು ಪುಸ್ತಕ ಮುಚ್ಚಿದರು.

ಇಂದಿಗೂ ಕರಿಮಡ್ಡಿಯಲ್ಲಿ ಆ ಮಾತು ಬಂದರೆ ಓದುವವರು ನಿಲ್ಲುತ್ತಾರೆ, ಸಭೆಯೆಲ್ಲ ಉಸಿರೆಳೆಯುತ್ತದೆ. ಪರವೂರಿನ ಬೋಧಕರು ಕಕ್ಕಾಬಿಕ್ಕಿಯಾಗುತ್ತಾರೆ. ಎಲಿಶಪ್ಪ ಮಾಸ್ತರರು ಬಹುಕಾಲ ಬಾಳಿದರು. ಸುತ್ತಿನ ಊರುಗಳಲ್ಲಿ ಯಾವ ಮನೆಯಲ್ಲಿ ಕಾಯಿಲೆ ಬಲಿತರೂ ಅವರಿಗೆ ಕರೆ ಬರುತ್ತಿತ್ತು. "ನಮಗ ಯಾಕ ಹಿಂಗಾತ್ರಿ ಮಾಸ್ತರ?" ಎಂದು ಜನ ಅಳುತ್ತ ಕೇಳುವರು. "ನನಗೂ ಗೊತ್ತಿಲ್ಲ" ಎನ್ನುವರು ಮಾಸ್ತರರು. ಆದರೆ ಎದ್ದು ಹೋಗುತ್ತಿರಲಿಲ್ಲ.